ಕತೆಯ ಮೊಲ ಸೋತಿದ್ದು ಕಮ್ಮಿ, ಗೆದ್ದಿದ್ದೇ ಜಾಸ್ತಿ

ಪ್ರಶ್ನೆ: ನನ್ನ ಮಗ ದಾವಣಗೆರೆಯಲ್ಲಿ ಮೂರನೇ ಕ್ಲಾಸು ಓದುತ್ತಿದ್ದಾನೆ. ಶಾಲೆಯಲ್ಲಿ 'ನನಗಿಷ್ಟವಾದ ಕತೆಯ ಪ್ರಾಣಿ' ಬಗ್ಗೆ ಮಾತಾಡಬೇಕಂತೆ. ಅವನು ಮೊಲವನ್ನು ಆರಿಸಿಕೊಂಡಿದ್ದಾನೆ. ಆದರೆ ಪುಸ್ತಕದ ಮೊಲ ಜಂಬ ಮಾಡಿ ಆಮೆ ಎದುರು ಸೋಲುತ್ತದೆ, ಟಿವಿ ಕಾರ್ಟೂನಿನ ಮೊಲ ಎಲ್ಲರಿಗೂ ಟೋಪಿ ಹಾಕಿ ಗೆಲ್ಲುತ್ತದೆ. 'ಅಮ್ಮಾ, ಮೊಲ ಒಳ್ಳೇದಾ ಕೆಟ್ಟದ್ದಾ?' ಅಂತ ಕೇಳುತ್ತಾನೆ. ಜಗತ್ತಿನ ಕತೆಗಳಲ್ಲಿ ಇಷ್ಟೊಂದು ಮೊಲಗಳು ಯಾಕಿವೆ? ಅವನಿಗೆ ಯಾವ ಕತೆ ಹೇಳಲಿ?

ಉತ್ತರ: ನಿಮ್ಮ ಮಗ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾನೆ. ನಾನು ಚಿತ್ರದುರ್ಗದ ಕಡೆ ಶಾಲೆಗಳಲ್ಲಿ ಮಕ್ಕಳಿಗೆ ಕತೆ ಹೇಳುವಾಗಲೆಲ್ಲ ಇದೇ ಗೊಂದಲ ನೋಡುತ್ತೇನೆ. 'ಮೊಲ ಹೇಗಿರುತ್ತೆ?' ಅಂತ ಕೇಳಿದರೆ ಮಕ್ಕಳು ಬಿಳಿ, ಮೆತ್ತಗೆ ಅಂತೆಲ್ಲ ಹೇಳಿ, ಆಮೇಲೆ 'ಸೋಮಾರಿ, ಜಂಬದ್ದು' ಅಂತ ಸೇರಿಸುತ್ತಾರೆ. ಆ ಒಂದು ಆಮೆ ಕತೆಯಿಂದ ಆಗಿರುವ ಅನ್ಯಾಯ ಇದು. ಈಸೋಪನ ಆ ಕತೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಗತ್ತಿನ ಹೆಸರಾಂತ ಮೊಲಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆಮೆ ಎದುರು ನಿದ್ದೆ ಹೊಡೆದ ಮೊಲ ಒಂಟಿಯಾಗಿ ಪಕ್ಕಕ್ಕೆ ಉಳಿಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ಒಂದೇ ಜಾತಿ: ಮೈ ಸಣ್ಣದು, ಸುತ್ತ ಎಲ್ಲರೂ ತನ್ನನ್ನು ತಿನ್ನೋಕೆ ಕಾಯುವವರು, ಕೈಯಲ್ಲಿ ಆಯುಧ ಇಲ್ಲ, ಇರುವುದು ತಲೆ ಮತ್ತು ಕಾಲು ಮಾತ್ರ.

ಯಾಕೆ ಹೀಗೆ ಅಂತ ತಿಳಿಯೋಕೆ ಪುಸ್ತಕ ಬೇಡ, ನಮ್ಮ ಕಡೆಯ ಹೊಲ ಸಾಕು. ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲೋ, ಜೋಗಿಮಟ್ಟಿ ಬುಡದ ಕುರುಚಲಿನಲ್ಲೋ ಬೆಳಗ್ಗೆ ನಡೆದು ನೋಡಿ. ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲಿ ತನ್ನ ಮೈಯಳತೆಗೆ ಸ್ವಲ್ಪ ತಗ್ಗು ಮಾಡಿಕೊಂಡು, ಕಿವಿ ಎರಡನ್ನೂ ಬೆನ್ನಿಗೆ ಅಂಟಿಸಿ ಮಲಗಿರುತ್ತದೆ. ಕೆಮ್ಮಣ್ಣಿನ ಬಣ್ಣ, ಕತ್ತಿನ ಹಿಂದೆ ಒಂದು ಕಪ್ಪು ಪಟ್ಟಿ. ನೀವು ಎರಡು ಹೆಜ್ಜೆ ದೂರಕ್ಕೆ ಬಂದರೂ ಕದಲಲ್ಲ, ಮೂಗು ಮಾತ್ರ ಅದುರುತ್ತಿರುತ್ತದೆ, ಇನ್ನೇನು ತುಳಿದೇಬಿಟ್ಟಿರಿ ಅನ್ನುವಾಗ ಕಾಲ ಕೆಳಗಿಂದಲೇ ಸಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಬದು ದಾಟಿ ಮಾಯ. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಬೆನ್ನ ಹಿಂದೆ ಬರುವವರೂ ಅದಕ್ಕೆ ಕಾಣುತ್ತಾರೆ. ಮೂಗಿನ ನೇರ ಮುಂದೆ ಇರುವುದು ಮಾತ್ರ ಸರಿಯಾಗಿ ಕಾಣಲ್ಲ. ನರಿ, ಕಾಡುಬೆಕ್ಕು, ಹದ್ದು, ಹೆಬ್ಬಾವು, ನಾಯಿ, ಮನುಷ್ಯ, ಯಾರು ಅದನ್ನು ತಿನ್ನಲ್ಲ ಹೇಳಿ? ಆದರೂ ಅದು ಉಳಿದಿದೆ. ಇದನ್ನು ನೋಡಿದ ಯಾವ ಊರಿನ ಅಜ್ಜಿಗೂ ಒಂದು ಕತೆ ಹುಟ್ಟಲೇಬೇಕು: ಇಷ್ಟು ಜನ ಹಿಂದೆ ಬಿದ್ದರೂ ಈ ಪುಟ್ಟ ಜೀವ ಹೇಗೆ ತಪ್ಪಿಸಿಕೊಂಡಿತು?

ನಮ್ಮ ಪಂಚತಂತ್ರದ ಉತ್ತರ ನಿಮಗೆ ಗೊತ್ತೇ ಇದೆ. ದಿನಕ್ಕೊಂದು ಪ್ರಾಣಿ ಊಟಕ್ಕೆ ಬೇಕು ಅನ್ನುವ ಸಿಂಹ, ತನ್ನ ಸರದಿ ಬಂದ ದಿನ ಬೇಕಂತಲೇ ತಡ ಮಾಡಿ ಹೋಗುವ ಮೊಲ. 'ದಾರಿಯಲ್ಲಿ ಇನ್ನೊಂದು ಸಿಂಹ ತಡೆದಿತ್ತು ಸ್ವಾಮಿ' ಅನ್ನುತ್ತದೆ. ಬಾವಿಯೊಳಗೆ ಅದನ್ನು ತೋರಿಸುತ್ತದೆ. ಸಿಂಹ ಗರ್ಜಿಸಿದರೆ ಬಾವಿಯೂ ಗರ್ಜಿಸುತ್ತದೆ. ಆಮೇಲೆ ಮೊಲ ಏನೂ ಮಾಡುವುದಿಲ್ಲ ಅನ್ನೋದನ್ನು ಗಮನಿಸಿ. ಅದು ಸಿಂಹವನ್ನು ತಳ್ಳಲಿಲ್ಲ. ಸಿಂಹದ ಕೋಪವೇ ಸಿಂಹವನ್ನು ಬಾವಿಗೆ ಹಾಕಿತು. ಈ ಕತೆ ಕನ್ನಡಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ, 11ನೇ ಶತಮಾನದಲ್ಲೇ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ದುರ್ಗಸಿಂಹ ಪಂಚತಂತ್ರವನ್ನು ಕನ್ನಡದಲ್ಲಿ ಬರೆದಿದ್ದ. ಆಮೆ ಕತೆಯ ಪಕ್ಕದಲ್ಲೇ ಇದನ್ನೂ ಹೇಳಬೇಕು, ಅದೇ ವಾರದಲ್ಲಿ ಹೇಳಬೇಕು. ಒಂದು ಮೊಲ ತನಗಿಂತ ನಿಧಾನದವನನ್ನು ಕಡೆಗಣಿಸಿ ಸೋತಿತು, ಇನ್ನೊಂದು ಮೊಲ ತನಗಿಂತ ಬಲವಂತನನ್ನು ಅಳೆದು ನೋಡಿ ಗೆದ್ದಿತು. ಎಂಟು ವರ್ಷದ ಹುಡುಗನಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಅರ್ಥವಾಗುತ್ತದೆ.

ಪಂಚತಂತ್ರದಲ್ಲೇ ಇನ್ನೊಂದು ಮೊಲದ ಕತೆ ಇದೆ, ಅದನ್ನು ನಮ್ಮ ಬರಗಾಲದ ಸೀಮೆಯವರು ಬಿಡಲೇಬಾರದು. ಮಳೆ ಇಲ್ಲದೆ ಕೆರೆ ಕಟ್ಟೆ ಒಣಗಿ, ಆನೆ ಹಿಂಡು ನೀರು ಹುಡುಕಿಕೊಂಡು ಚಂದ್ರಸರಸ್ಸು ಅನ್ನುವ ಕೆರೆಗೆ ಬರುತ್ತದೆ. ದಡದಲ್ಲಿ ಮೊಲಗಳ ಬೀಡು. ಆನೆ ಕಾಲಿಗೆ ಸಿಕ್ಕಿ ಎಷ್ಟೋ ಮೊಲಗಳು ಸಾಯುತ್ತವೆ. ಆಗ ಒಂದು ಮೊಲ ಆನೆಗಳ ರಾಜನ ಹತ್ತಿರ ಹೋಗಿ 'ನಾನು ಚಂದ್ರನ ದೂತ, ನೀವು ಅವನ ಕೆರೆ ಹೊಲಸು ಮಾಡಿದ್ದಕ್ಕೆ ಅವನು ಸಿಟ್ಟಾಗಿದ್ದಾನೆ' ಅನ್ನುತ್ತದೆ. ರಾತ್ರಿ ಕರೆದುಕೊಂಡು ಹೋಗಿ ನೀರಿನಲ್ಲಿ ಅಲುಗಾಡುವ ಚಂದ್ರನನ್ನು ತೋರಿಸುತ್ತದೆ. ನಡುಗುತ್ತಿರುವ ಚಂದ್ರನನ್ನು ಕಂಡು ಆನೆ ಕೈಮುಗಿದು ವಾಪಸ್ ಹೋಗುತ್ತದೆ. ಶಾಂತಿಸಾಗರದ ದಡದಲ್ಲೋ ಕುಂದವಾಡ ಕೆರೆ ಏರಿ ಮೇಲೋ ಹುಣ್ಣಿಮೆ ಸಂಜೆ ಮಗನನ್ನು ಕೂರಿಸಿಕೊಂಡು ಇದನ್ನು ಹೇಳಿ, ಬೇರೆ ಚಿತ್ರದ ಪುಸ್ತಕ ಬೇಕಾಗಲ್ಲ.

ಚಂದ್ರನ ಮೈಮೇಲಿನ ಮೊಲವನ್ನೂ ಆಗಲೇ ತೋರಿಸಿಬಿಡಿ. ಅದು ಅಲ್ಲಿಗೆ ಹೇಗೆ ಹೋಯಿತು ಅನ್ನೋದು ಬುದ್ಧನ ಜಾತಕ ಕತೆಯಲ್ಲಿದೆ. ಹಸಿದು ಬಂದ ಬ್ರಾಹ್ಮಣನಿಗೆ ನೀರುನಾಯಿ ಮೀನು ಕೊಡುತ್ತದೆ, ಕೋತಿ ಮಾವಿನಹಣ್ಣು ಕೊಡುತ್ತದೆ, ನರಿಯೂ ತನಗೆ ಸಿಕ್ಕಿದ್ದನ್ನು ಕೊಡುತ್ತದೆ. ಮೊಲದ ಹತ್ತಿರ ಹುಲ್ಲು ಬಿಟ್ಟರೆ ಏನಿಲ್ಲ. ಬೆಂಕಿ ಹಾಕಿಸಿ ತಾನೇ ಹಾರಲು ನಿಲ್ಲುತ್ತದೆ. ಹಾರುವ ಮುಂಚೆ ಮೂರು ಸಲ ಮೈ ಕೊಡವುತ್ತದೆ. ಯಾಕೆ ಗೊತ್ತಾ? ತನ್ನ ಕೂದಲಿನೊಳಗೆ ಸಣ್ಣ ಹುಳ ಹುಪ್ಪಟೆ ಇದ್ದರೆ ಅವು ಬೆಂಕಿಗೆ ಬೀಳಬಾರದು ಅಂತ. ನನಗೆ ಗೊತ್ತಿರುವ ಎಲ್ಲಾ ಮೊಲದ ಕತೆಗಳಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ಬೆಂಕಿ ಅದನ್ನು ಸುಡುವುದಿಲ್ಲ. ಬಂದವನು ಶಕ್ರ, ಅಂದರೆ ಇಂದ್ರ. ಅವನು ಬೆಟ್ಟವನ್ನೇ ಹಿಂಡಿ ಅದರ ರಸದಿಂದ ಮೊಲದ ಚಿತ್ರವನ್ನು ಚಂದ್ರನ ಮೇಲೆ ಬರೆಯುತ್ತಾನೆ. ಚೀನಾದವರ ಚಂದ್ರನಲ್ಲೂ ಮೊಲ ಇದೆ, ಅದು ಔಷಧಿ ಕುಟ್ಟುತ್ತದೆ. ಜಪಾನಿನದು ಮೋಚಿ ಅನ್ನುವ ಅಕ್ಕಿಯ ತಿಂಡಿಗೆ ಕುಟ್ಟುತ್ತದೆ. ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರಿಗೂ ಅಲ್ಲಿ ಮೊಲವೇ ಕಂಡಿತ್ತು. 1969ರ ಜುಲೈನಲ್ಲಿ ಅಪೊಲೊ 11 ನೌಕೆ ಚಂದ್ರನ ಮೇಲೆ ಇಳಿಯುವ ಹೊತ್ತಿಗೆ ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಿಂದ ಗಗನಯಾತ್ರಿಗಳಿಗೆ ಈ ಚೀನೀ ಮೊಲದ ಕತೆ ಹೇಳಿ, ಒಂದು ಕಣ್ಣಿಟ್ಟಿರಿ ಅಂತ ತಮಾಷೆ ಮಾಡಿದ್ದೂ ಉಂಟು. 2013ರ ಡಿಸೆಂಬರಿನಲ್ಲಿ ಚೀನಾ ಚಂದ್ರನ ಮೇಲೆ ಇಳಿಸಿದ ಪುಟ್ಟ ಗಾಡಿಯ ಹೆಸರೇ ಯುಟು, ಅಂದರೆ ಅದೇ ಮೊಲ. 2019ರಲ್ಲಿ ಯುಟು 2 ಚಂದ್ರನ ಆಚೆ ಬದಿಯಲ್ಲೇ ಇಳಿಯಿತು. ನಿಮ್ಮ ಮಗ ಶಾಲೆಯಲ್ಲಿ ಇದನ್ನು ಹೇಳಿದರೆ ಟೀಚರ್ ಕೂಡ ಕಿವಿಗೊಡುತ್ತಾರೆ ನೋಡಿ.

ನಮ್ಮ ನೆಲದ ಮೊಲ ಒಂದಿದೆ, ಅದನ್ನು ಮರೆಯಬಾರದು. ಹಕ್ಕಬುಕ್ಕರು ತುಂಗಭದ್ರೆಯ ದಂಡೆಯಲ್ಲಿ ಬೇಟೆಗೆ ಹೋದಾಗ ಬೇಟೆನಾಯಿಗಳು ಒಂದು ಮೊಲವನ್ನು ಅಟ್ಟಿಸಿದವಂತೆ. ಮೊಲ ಗಕ್ಕನೆ ನಿಂತು ತಿರುಗಿ ನಾಯಿಗಳ ಮೇಲೇ ಬಿತ್ತು. ಇದು ಗಂಡುಮೆಟ್ಟಿದ ನೆಲ, ಇಲ್ಲೇ ಊರು ಕಟ್ಟಿ ಅಂತ ವಿದ್ಯಾರಣ್ಯರು ಹೇಳಿದರು, ಹಾಗೆ ವಿಜಯನಗರ ಎದ್ದಿತು ಅನ್ನುತ್ತಾರೆ. 1530ರ ದಶಕದಲ್ಲಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ, ಅಂದರೆ ಆಗಲೇ ಜನರ ಬಾಯಲ್ಲಿತ್ತು. ಗುಜರಾತಿನ ಅಹಮದಾಬಾದಿನ ಬಗ್ಗೆಯೂ ಇಂಥದ್ದೇ ಕತೆ ಹೇಳುತ್ತಾರೆ. ಚಿತ್ರದುರ್ಗದ ನಾಯಕರು ಮೊದಲು ವಿಜಯನಗರಕ್ಕೇ ನಡೆದುಕೊಂಡವರು, ಹಾಗಾಗಿ ಈ ಮೊಲ ನಮಗೂ ನೆಂಟನೇ. ಇದು ಇತಿಹಾಸ ಅಲ್ಲ, ಐತಿಹ್ಯ. ಮಗುವಿಗೆ ಹೇಳುವಾಗ ಆ ಮಾತೂ ಸೇರಿಸಿ. ಆದರೆ ದೊಡ್ಡ ಸಾಮ್ರಾಜ್ಯದ ಮೊದಲ ಪುಟಕ್ಕೆ ಹುಲಿ ಸಿಂಹ ಬಿಟ್ಟು ಮೊಲವನ್ನು ತಂದು ನಿಲ್ಲಿಸಿದ ಆ ಜನರ ಮನಸ್ಸು ನನಗೆ ತುಂಬಾ ಇಷ್ಟ. ನಾಯಿಗೆ ಹೆದರದ ಹುಲಿಯಲ್ಲಿ ಏನು ಹೆಚ್ಚುಗಾರಿಕೆ?

ಈಗ ಸಮುದ್ರ ದಾಟೋಣ. ಕಾರ್ಟೂನಿನ ಮೊಲ ಎಲ್ಲಿಂದ ಬಂತು ಅಂತ ಹುಡುಕಿದರೆ ದಾರಿಯಲ್ಲಿ ಬ್ರೇರ್ ರ‍್ಯಾಬಿಟ್ ಸಿಗುತ್ತಾನೆ, ಅಂದರೆ ಮೊಲಣ್ಣ ಅಂದುಕೊಳ್ಳಿ. ಆಫ್ರಿಕಾದಿಂದ ಗುಲಾಮರಾಗಿ ಅಮೆರಿಕಕ್ಕೆ ಎಳೆದೊಯ್ದ ಜನ ತಮ್ಮ ಜೊತೆ ತಂದ ಕತೆಗಳಲ್ಲಿ ಅವನೂ ಒಬ್ಬ. ಹತ್ತಿಯ ಹೊಲದಲ್ಲಿ ದುಡಿಯುತ್ತಿದ್ದ ಆ ಜನ ರಾತ್ರಿ ಗುಡಿಸಲಲ್ಲಿ ಹೇಳಿಕೊಳ್ಳುತ್ತಿದ್ದ ಕತೆಗಳನ್ನು ಜಾರ್ಜಿಯಾದ ಪತ್ರಕರ್ತ ಜೋಯೆಲ್ ಚಾಂಡ್ಲರ್ ಹ್ಯಾರಿಸ್ 1880ರಲ್ಲಿ ಪುಸ್ತಕ ಮಾಡಿದ. ಹ್ಯಾರಿಸ್ ಬಿಳಿಯ, ಕತೆ ಕರಿಯರದು. ಅವನು ಗುಲಾಮಗಿರಿಯ ದಿನಗಳನ್ನು ನೆಮ್ಮದಿಯ ದಿನಗಳಂತೆ ತೋರಿಸಿದ್ದು ತಪ್ಪು ಅಂತ ಇವತ್ತಿಗೂ ವಾದ ಇದೆ, ನನಗೂ ಹಾಗೇ ಅನ್ನಿಸುತ್ತದೆ. ಕತೆಗಳು ಮಾತ್ರ ಅಪ್ಪಟ ಚಿನ್ನ. ನರಿ ಡಾಂಬರಿನ ಗೊಂಬೆ ಮಾಡಿ ದಾರಿಯಲ್ಲಿ ಕೂರಿಸುತ್ತದೆ. ಮಾತಾಡಿಸಿದರೂ ಗೊಂಬೆ ಮಾತಾಡಲ್ಲ ಅಂತ ಮೊಲಣ್ಣನಿಗೆ ಸಿಟ್ಟು, ಒಂದು ಕೈಯಲ್ಲಿ ಹೊಡೆದರೆ ಅದು ಅಂಟಿತು, ಇನ್ನೊಂದು ಕೈಯೂ ಅಂಟಿತು, ಕಾಲು, ತಲೆ, ಪೂರ್ತಿ ಅಂಟಿಕೊಂಡ. ನರಿ ಬಂದು ಹೇಗೆ ಕೊಲ್ಲಲಿ ಅಂತ ಯೋಚಿಸುವಾಗ ಮೊಲಣ್ಣ ಬೇಡಿಕೊಳ್ಳುತ್ತಾನೆ: 'ಸುಡು, ನೇಣು ಹಾಕು, ಚರ್ಮ ಸುಲಿ, ಏನಾದರೂ ಮಾಡು, ಆ ಮುಳ್ಳು ಪೊದೆಗೆ ಮಾತ್ರ ಎಸೆಯಬೇಡ ಕಣಪ್ಪ.' ನರಿ ಅಲ್ಲಿಗೇ ಎಸೆಯುತ್ತದೆ. ಮೊಲಣ್ಣ ಹುಟ್ಟಿ ಬೆಳೆದಿದ್ದೇ ಮುಳ್ಳು ಪೊದೆಯಲ್ಲಿ. ಜಾಲಿ ಪೊದೆ ಸಾಲು ಕಂಡ ನಮ್ಮ ಕಡೆ ಮಕ್ಕಳು ಈ ಜಾಗಕ್ಕೆ ಬಂದಾಗ ಬಿದ್ದು ಬಿದ್ದು ನಗುತ್ತಾರೆ. ಅಂಟುಕೂದಲಿನ ಯಕ್ಷನಿಗೆ ಕೈಕಾಲು ತಲೆ ಎಲ್ಲ ಅಂಟಿಕೊಳ್ಳುವ ರಾಜಕುಮಾರನ ಕತೆ ನಮ್ಮ ಜಾತಕಗಳಲ್ಲೂ ಇದೆ, ಅಲ್ಲಿ ಅವನು ಧೈರ್ಯದಿಂದ ಮಾತಾಡಿ ಪಾರಾಗುತ್ತಾನೆ.

ಗುಲಾಮನಾಗಿದ್ದವನು ಈ ಕತೆ ಹೇಳುವಾಗ ನರಿ ಯಾರು, ಮೊಲ ಯಾರು ಅನ್ನೋದನ್ನು ಬಿಡಿಸಿ ಹೇಳಬೇಕಾ? ಧಣಿಯ ಎದುರು ಬಾಯಿಬಿಟ್ಟು ಹೇಳಲಾಗದ್ದನ್ನು ಮೊಲದ ಬಾಯಲ್ಲಿ ಹೇಳಿಸಿದರು. ನಿಮ್ಮ ಮಗನ 'ಒಳ್ಳೇದಾ ಕೆಟ್ಟದ್ದಾ' ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಮೊಲ ಸುಳ್ಳು ಹೇಳುತ್ತದೆ, ನಿಜ. ಯಾರಿಗೆ ಹೇಳುತ್ತದೆ ನೋಡಿ. ತನ್ನನ್ನು ತಿನ್ನೋಕೆ ಬಂದವನಿಗೆ.

ನಿಮ್ಮ ಮಗ ಟಿವಿಯಲ್ಲಿ ನೋಡಿದ್ದು ಬಹುಶಃ ಬಗ್ಸ್ ಬನ್ನಿ. ಅವನು ಈಗಿನ ರೂಪದಲ್ಲಿ ಮೊದಲು ಬಂದಿದ್ದು 1940ರ ಜುಲೈ 27ರಂದು, ಟೆಕ್ಸ್ ಏವ್ರಿ ಮಾಡಿದ 'ಎ ವೈಲ್ಡ್ ಹೇರ್' ಕಾರ್ಟೂನಿನಲ್ಲಿ. ಬಂದೂಕು ಹಿಡಿದ ಬೇಟೆಗಾರ ಬಿಲದ ಮುಂದೆ ಕಾಯುತ್ತಿದ್ದರೆ ಮೊಲ ಹೊರಗೆ ಬಂದು, ಗಜ್ಜರಿ ಕಡಿಯುತ್ತಾ, ಅವನನ್ನೇ 'ಏನ್ ಸಮಾಚಾರ ಡಾಕ್ಟ್ರೇ' ಅಂತ ಕೇಳುತ್ತದೆ. ಆ ಗಜ್ಜರಿ ಬಂದಿದ್ದು 1934ರ ಒಂದು ಸಿನಿಮಾದಿಂದ, ಅದರಲ್ಲಿ ನಟ ಕ್ಲಾರ್ಕ್ ಗೇಬಲ್ ಬೇಲಿಗೆ ಒರಗಿ ಗಜ್ಜರಿ ತಿನ್ನುತ್ತಾ ಪಟಪಟ ಮಾತಾಡುವ ದೃಶ್ಯ ಇದೆ, ಆಗಿನ ಜನಕ್ಕೆ ತಕ್ಷಣ ಹೊಳೆಯುತ್ತಿತ್ತು. ಈಗ ಆ ಸಿನಿಮಾ ಮರೆತಿದೆ, ಮೊಲ ಅಂದರೆ ಗಜ್ಜರಿ ಅನ್ನುವುದು ಉಳಿದಿದೆ. ನಿಜವಾದ ಮೊಲದ ಊಟ ಹುಲ್ಲು, ಸೊಪ್ಪು. ಗೆಡ್ಡೆಯಲ್ಲಿ ಸಕ್ಕರೆ ಜಾಸ್ತಿ, ಮನೆಯಲ್ಲಿ ಸಾಕಿದ ಮೊಲಕ್ಕೆ ದಿನಾ ಗಜ್ಜರಿ ಹಾಕಿದರೆ ಹೊಟ್ಟೆ ಕೆಡುತ್ತದೆ.

ಬಗ್ಸ್ ಬಗ್ಗೆ ಒಂದು ಮಾತು ಪೋಷಕರಿಗೆ ಗೊತ್ತಿರಲೇಬೇಕು. ಅವನ ಎಷ್ಟೋ ಒಳ್ಳೆಯ ಕಾರ್ಟೂನುಗಳನ್ನು ಮಾಡಿದ ಚಕ್ ಜೋನ್ಸ್ ಒಂದು ನಿಯಮ ಇಟ್ಟುಕೊಂಡಿದ್ದ: ಬಗ್ಸ್ ತಾನಾಗಿ ಜಗಳ ತೆಗೆಯಕೂಡದು. ಅವನು ತನ್ನ ಪಾಡಿಗೆ ಇರಬೇಕು, ಯಾರೋ ಬಂದು ಕೆಣಕಬೇಕು, ಆಮೇಲಷ್ಟೇ ಅವನ ಆಟ. ಹಾಗಾಗಿಯೇ ಅವನು ಎದುರಾಳಿಯನ್ನು ಗೋಳು ಹೊಯ್ದುಕೊಂಡರೂ ನಮಗೆ ಬೇಜಾರಾಗುವುದಿಲ್ಲ. ಇನ್ನೂ ಒಂದು ಸ್ವಾರಸ್ಯ ಇದೆ. 1941ರಿಂದ 1947ರ ಒಳಗೆ ಮೂರು ಕಾರ್ಟೂನುಗಳಲ್ಲಿ ಬಗ್ಸ್ ಆಮೆ ಜೊತೆ ಪಂದ್ಯ ಕಟ್ಟುತ್ತಾನೆ, ಮೂರರಲ್ಲೂ ಕೊನೆಗೆ ನಗುವುದು ಆಮೆಯೇ. ಮೊದಲನೆಯದರಲ್ಲಂತೂ ಆಮೆ ತನ್ನ ನೆಂಟರನ್ನೆಲ್ಲ ದಾರಿಯುದ್ದಕ್ಕೂ ನಿಲ್ಲಿಸಿರುತ್ತದೆ. ಇಲ್ಲಿ ಕೆಣಕಿದವನು ಬಗ್ಸ್, ಅದಕ್ಕೇ ಸೋತ. ನಿಮ್ಮ ಮಗನಿಗೆ ಬೇರೆ ಬೇರೆ ಅನ್ನಿಸಿದ ಎರಡು ಮೊಲ ಇಲ್ಲಿ ಒಂದೇ ಮೈಯಲ್ಲಿ ಸಿಗುತ್ತವೆ.

ಪೀಟರ್ ರ‍್ಯಾಬಿಟ್ ನಿಮ್ಮ ಮಗನ ವಯಸ್ಸಿಗೆ ಹೇಳಿ ಮಾಡಿಸಿದವನು. 1893ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೇಖಕಿ ಬಿಯಾಟ್ರಿಕ್ಸ್ ಪಾಟರ್, ಕಾಯಿಲೆ ಬಿದ್ದಿದ್ದ ಐದು ವರ್ಷದ ಹುಡುಗನಿಗೆ ಬರೆದ ಚಿತ್ರಪತ್ರದಲ್ಲಿ ಅವನು ಹುಟ್ಟಿದ. ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಹಾಕಿಸಿದಳು. ಮರುವರ್ಷ ಪ್ರಕಾಶಕರೇ ಬಣ್ಣದಲ್ಲಿ ತಂದರು. ಕತೆ ಶುರುವಾಗುವುದೇ ಅಮ್ಮನ ಎಚ್ಚರಿಕೆಯಿಂದ: ಆ ತೋಟಕ್ಕೆ ಹೋಗಬೇಡಿ, ನಿಮ್ಮಪ್ಪ ಅಲ್ಲಿ ಸಿಕ್ಕಿಬಿದ್ದು ಅವರ ಮನೆಯ ಊಟವಾದ. ಪೀಟರ್ ಹೋಗುತ್ತಾನೆ. ಹೊಟ್ಟೆ ಬಿರಿಯೆ ತಿಂದು ತೋಟದ ಮಾಲೀಕನ ಕಣ್ಣಿಗೆ ಬೀಳುತ್ತಾನೆ. ಓಡುವಾಗ ಹೊಸ ನೀಲಿ ಕೋಟಿನ ಹಿತ್ತಾಳೆ ಗುಂಡಿ ಬಲೆಗೆ ಸಿಕ್ಕಿಕೊಳ್ಳುತ್ತದೆ. ಕೋಟು ಬಿಟ್ಟು ಓಡಿದಾಗಲೇ ಅವನು ಪಾರಾಗುವುದು, ಅಂದರೆ ಬಟ್ಟೆ ತೊಟ್ಟ ಹುಡುಗ ಮತ್ತೆ ನಾಲ್ಕು ಕಾಲಿನ ಮೊಲವಾದಾಗ. ಮನೆಯಲ್ಲಿ ಮೊಲ ಸಾಕಿ, ದಿನವೆಲ್ಲ ನೋಡಿ, ಚಿತ್ರ ಬರೆದವಳು ಪಾಟರ್. ಅದಕ್ಕೇ ಅವಳ ಮೊಲ ಕೋಟು ಹಾಕಿದರೂ ಮೊಲವಾಗಿಯೇ ಕಾಣುತ್ತದೆ. 2018ರ ಸಿನಿಮಾ ನೋಡಿದ ಮಕ್ಕಳಿಗೆ ಪುಸ್ತಕ ಸಪ್ಪೆ ಅನ್ನಿಸಬಹುದು, ಆದರೂ ಪುಸ್ತಕವೇ ಮೇಲು.

ಅಂದಹಾಗೆ ಪೀಟರ್ ನಮ್ಮ ಹೊಲದ ಮೊಲ ಅಲ್ಲ, ಬೇರೆಯೇ ಜಾತಿ. ಅವು ಬಿಲ ತೋಡಿ ಗುಂಪಿನಲ್ಲಿ ಇರುತ್ತವೆ, ಮರಿಗಳು ಕೂದಲಿಲ್ಲದೆ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಕಾಡುಮೊಲದ ಮರಿ ಹುಟ್ಟುವಾಗಲೇ ಕೂದಲು ತುಂಬಿ, ಕಣ್ಣು ಬಿಟ್ಟಿರುತ್ತದೆ. ಅಂಗಡಿಯಲ್ಲಿ ಮಾರುವ ಬಿಳಿ ಮೊಲಗಳೆಲ್ಲ ಪೀಟರ್ ವಂಶದವು. ಹೊಲದಲ್ಲಿ ಸಿಕ್ಕ ಮರಿಯನ್ನು ಪಾಪ ಅಂತ ಮನೆಗೆ ತರುವವರಿದ್ದಾರೆ, ಹಾಗೆ ಮಾಡಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಮೊಲ ಹಿಡಿಯುವುದು, ಕೊಲ್ಲುವುದು ಅಪರಾಧ ಕೂಡ.

ಮಿಕ್ಕವರನ್ನು ಬೇಗ ಹೇಳಿಬಿಡುತ್ತೇನೆ. 1865ರ 'ಆಲಿಸ್' ಕತೆಯಲ್ಲಿ ಗಡಿಯಾರ ನೋಡಿಕೊಂಡು ತಡವಾಯ್ತು ಅಂತ ಓಡುವ ಬಿಳಿ ಮೊಲ ಎಲ್ಲರಿಗೂ ಗೊತ್ತು, ಆದರೆ ಅದು ಆಲಿಸ್‌ಳನ್ನು ಬಿಲಕ್ಕೆ ಇಳಿಸುವುದಕ್ಕಷ್ಟೇ. ಡಚ್ ಕಲಾವಿದ ಡಿಕ್ ಬ್ರೂನಾ 1955ರಲ್ಲಿ ಬರೆದ ಮಿಫಿ, ಎರಡು ಚುಕ್ಕೆ ಕಣ್ಣು, ಬಾಯಿಗೊಂದು ಗುಣಾಕಾರದ ಗುರುತು, ಅಷ್ಟೇ. ಇನ್ನೂ ಓದಲು ಬಾರದ ತಂಗಿ ತಮ್ಮ ಇದ್ದರೆ ಅವರಿಗೆ ಕೊಡಿ. 2016ರ 'ಜೂಟೋಪಿಯಾ' ಸಿನಿಮಾದ ಪೊಲೀಸ್ ಮೊಲ ಜೂಡಿ ಹಾಪ್ಸ್ ಹಳೆಯ ಮೊಲಗಳ ದಾರಿಯಲ್ಲೇ ನಡೆಯುತ್ತಾಳೆ, ಆದರೆ ಅವಳು ಎದುರಿಸುವುದು ತನ್ನೊಳಗಿನ ಭಯವನ್ನೂ ಹೌದು, ನರಿಯನ್ನು ಕಂಡರೆ ಅವಳಿಗೆ ಹುಟ್ಟುವ ಅನುಮಾನ ತಪ್ಪು ಅಂತ ಅವಳೇ ಒಪ್ಪಿಕೊಳ್ಳಬೇಕಾಗುತ್ತದೆ. ಮಗನ ಜೊತೆ ಕೂತು ನೋಡಿ. ವಾಲ್ಟ್ ಡಿಸ್ನಿಯ 1927ರ ಆಸ್ವಾಲ್ಡ್ ಮೊಲದ ಹಕ್ಕು ಅವನ ಕೈತಪ್ಪಿ ಹೋಯಿತು, ಆ ಏಟಿನ ಮೇಲೇ ಮಿಕ್ಕಿ ಮೌಸ್ ಹುಟ್ಟಿದ್ದು. ಇಲಿಗಿಂತ ಮುಂಚೆ ಅಲ್ಲಿದ್ದದ್ದು ಮೊಲ!

ಕೊನೆಗೆ ಒಂದು ಪುಸ್ತಕ, ಇದು ಈಗಲೇ ಮಗನಿಗೆ ಅಲ್ಲ, ಮೊದಲು ನಿಮಗೆ. ರಿಚರ್ಡ್ ಆಡಮ್ಸ್ ಅನ್ನುವ ಇಂಗ್ಲೆಂಡಿನ ಸರ್ಕಾರಿ ನೌಕರ ಕಾರಿನಲ್ಲಿ ಹೋಗುವಾಗ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿದ ಕತೆ 1972ರಲ್ಲಿ 'ವಾಟರ್‌ಶಿಪ್ ಡೌನ್' ಆಯಿತು. ತಮ್ಮ ಬೀಡು ನಾಶವಾಗುತ್ತದೆ ಅಂತ ಒಂದು ಸಣ್ಣ ಮೊಲಕ್ಕೆ ಮೊದಲೇ ಹೊಳೆಯುತ್ತದೆ, ಅದನ್ನು ನಂಬಿದ ಕೆಲವು ಮೊಲಗಳು ಹೊಸ ನೆಲೆ ಹುಡುಕಿಕೊಂಡು ಹೊರಡುತ್ತವೆ. ಮೊಲಗಳ ನಡವಳಿಕೆಯನ್ನು ಆಡಮ್ಸ್ ಪ್ರಕೃತಿ ಪಂಡಿತ ಲಾಕ್ಲಿಯ ಪುಸ್ತಕದಿಂದ ತಿಳಿದುಕೊಂಡ. ಅವನ ಮೊಲಗಳಿಗೆ ನಾಲ್ಕರವರೆಗೆ ಮಾತ್ರ ಲೆಕ್ಕ ಬರುತ್ತದೆ, ಐದಾದರೂ ಸಾವಿರವಾದರೂ ಅವಕ್ಕೆ ಒಂದೇ. ಅವಕ್ಕೊಂದು ಪುರಾಣವೂ ಇದೆ, ಸಾವಿರ ಶತ್ರುಗಳ ನಡುವೆ ಉಪಾಯದಿಂದ ಬದುಕಿದ ಮೊಲಗಳ ರಾಜನ ಕತೆಗಳು.

ಅದರಲ್ಲಿ ಒಂದು ಭಾಗ ನನ್ನನ್ನು ಬಿಟ್ಟಿಲ್ಲ. ದಾರಿಯಲ್ಲಿ ಅವಕ್ಕೆ ಇನ್ನೊಂದು ಮೊಲದ ಬೀಡು ಸಿಗುತ್ತದೆ. ಅಲ್ಲಿನ ಮೊಲಗಳು ದಷ್ಟಪುಷ್ಟ, ಮೈ ಮಿರಮಿರ ಮಿಂಚುತ್ತದೆ. ರೈತನೊಬ್ಬ ದಿನಾ ಬಂದು ತಿನ್ನೋಕೆ ಸುರಿದು ಹೋಗುತ್ತಾನೆ, ನರಿಯಂಥ ಶತ್ರುಗಳನ್ನೂ ಅವನೇ ಕೊಂದುಹಾಕುತ್ತಾನೆ. ಬಂದ ಅತಿಥಿಗಳು ಸಂತೋಷಕ್ಕೆ ತಮ್ಮ ರಾಜನ ಉಪಾಯದ ಕತೆ ಹೇಳಿದರೆ ಅವರಲ್ಲಿ ಯಾರೂ ಉತ್ಸಾಹ ತೋರುವುದಿಲ್ಲ, ಅಂಥ ಕತೆ ನಾವು ಈಗ ಅಷ್ಟಾಗಿ ಹೇಳಲ್ಲ ಅನ್ನುತ್ತಾರೆ. ಯಾವ ಮೊಲ ಎಲ್ಲಿ ಅಂತ ಕೇಳಿದರೆ ಮಾತು ತಿರುಗಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ರೈತ ಸುತ್ತಲೂ ಉರುಳು ಇಟ್ಟಿದ್ದಾನೆ, ಆಗಾಗ ಒಂದೊಂದು ಮೊಲ ಅವನ ಅಡುಗೆಮನೆಗೆ ಹೋಗುತ್ತದೆ, ಅದರ ಹೆಸರನ್ನು ಮತ್ತೆ ಯಾರೂ ಎತ್ತುವುದಿಲ್ಲ. ತಪ್ಪಿಸಿಕೊಳ್ಳುವ ಆಸೆ ಸತ್ತ ಕಡೆ ಉಪಾಯದ ಕತೆಯೂ ಸತ್ತಿದೆ. ಇಷ್ಟೊಂದು ಮೊಲದ ಕತೆ ಯಾಕಿವೆ ಅಂತ ನೀವು ಕೇಳಿದಿರಲ್ಲ, ನನಗೆ ಗೊತ್ತಿರುವ ಒಳ್ಳೆಯ ಉತ್ತರ ಈ ಅಧ್ಯಾಯವೇ.

ಮಗನಿಗೆ ಈಗ ಸಿಂಹದ ಕತೆ, ಚಂದ್ರಸರಸ್ಸಿನ ಕತೆ, ಮುಳ್ಳು ಪೊದೆಯ ಕತೆ ಮೂರು ಹೇಳಿ, ಶಾಲೆಯಲ್ಲಿ ಐದು ನಿಮಿಷ ಮಾತಾಡೋಕೆ ಬೇಕಾದಷ್ಟಾಯಿತು. ಪೀಟರ್ ಪುಸ್ತಕ ಸಿಕ್ಕರೆ ಚಿತ್ರ ತೋರಿಸಿ ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ. ಬೆಂಕಿಗೆ ಹಾರುವ ಮೊಲದ ಕತೆ ಮಲಗುವ ಹೊತ್ತಿಗೆ ಬೇಡ, ಬೆಳಗ್ಗೆಯೋ ಸಂಜೆಯೋ ಹೇಳಿ, ಪ್ರಶ್ನೆ ಬಹಳ ಬರುತ್ತವೆ. 'ವಾಟರ್‌ಶಿಪ್ ಡೌನ್' ಪುಸ್ತಕಕ್ಕೆ ಹನ್ನೆರಡು ವರ್ಷವಾದರೂ ಆಗಲಿ. ಅದರ 1978ರ ಕಾರ್ಟೂನ್ ಸಿನಿಮಾ ಮೊಬೈಲಿನಲ್ಲಿ ಕಂಡರೆ ಮೊಲದ ಚಿತ್ರ ಅಲ್ವಾ ಅಂತ ಸುಮ್ನೆ ಹಾಕಿಕೊಟ್ಟು ಅಡುಗೆಮನೆಗೆ ಹೋಗಬೇಡಿ. ರಕ್ತ ಇದೆ, ಸಾವು ಇದೆ. ಬ್ರಿಟನ್ನಿನ ಸೆನ್ಸಾರಿನವರು ಮೊದಲು ಎಲ್ಲ ಮಕ್ಕಳೂ ನೋಡಬಹುದು ಅಂತ ಬಿಟ್ಟಿದ್ದರು, ವರ್ಷಗಟ್ಟಲೆ ದೂರು ಬಂದ ಮೇಲೆ ದೊಡ್ಡವರ ಜೊತೆ ನೋಡುವ ಚಿತ್ರ ಅಂತ ಬದಲಾಯಿಸಿದರು.